ಸಂಗಪ್ಪನವರ ಹೆಬ್ಬೆರಳು, ಎಂಟು ಗುಂಡಿನ ಪಿಸ್ತೂಲು

ಬಾಗಲಕೋಟೆಯ ಒಂದು ಬಂದೂಕಿನ ಅಂಗಡಿಯಲ್ಲಿ ಇಪ್ಪತ್ತೈದು ವರ್ಷ ರಿಪೇರಿ ಮಿಸ್ತ್ರಿಯಾಗಿದ್ದೆ. ಕಿವಿಯಲ್ಲಿ ಹಗಲೂ ರಾತ್ರಿ ಜೀರುಂಡೆ ಕೂಗತೊಡಗಿದ ಮೇಲೆ ಐವತ್ತೆರಡಕ್ಕೇ ಕೆಲಸ ಬಿಟ್ಟೆ. ಈ ಕಸುಬಿಗೆ ಹೊಸದಾಗಿ ಬರುವವರು ಆಗಾಗ ನವನಗರದ ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ಸ್ಪ್ರಿಂಗು ಎಲ್ಲಿ ಸಿಗುತ್ತದೆ, ತುಕ್ಕಿಗೆ ಯಾವ ಎಣ್ಣೆ ಎಂದು ಕೇಳಿದರೆ ಸಂತೋಷದಿಂದ ಹೇಳುತ್ತೇನೆ. ಆದರೆ ಚಹಾ ಮುಗಿಯುವ ಹೊತ್ತಿಗೆ ಆ ಪ್ರಶ್ನೆ ಬಂದೇ ಬರುತ್ತದೆ.

"ಕಾಕಾ, ರಿವಾಲ್ವರ್ ಛಲೋನೋ ಪಿಸ್ತೂಲ್ ಛಲೋನೋ ಅಂತ ಗಿರಾಕಿ ಕೇಳಿದ್ರ ಏನ್ ಹೇಳ್ಬೇಕ್ರಿ?"

ಇದಕ್ಕೆ ನನ್ನ ಹತ್ತಿರ ಒಂದೇ ವಾಕ್ಯದ ಉತ್ತರವಿದೆ. ಆದರೆ ಆ ವಾಕ್ಯ ಕಲಿಯುವಷ್ಟರಲ್ಲಿ ಒಬ್ಬ ಸಂಭಾವಿತರ ಮನೆಯಲ್ಲಿ ಹೆಣ ಬೀಳಿಸುವುದರಲ್ಲಿದ್ದೆ. ಆದ್ದರಿಂದ ಚಹಾದ ಜೊತೆಗೆ ಅದನ್ನು ಪುಕ್ಕಟೆ ಕೊಡಲು ಮನಸ್ಸು ಬರುವುದಿಲ್ಲ. ಪೂರ್ತಿ ಕೇಳುವ ವ್ಯವಧಾನವಿದ್ದವರಿಗಾಗಿ ಇದನ್ನು ಬರೆದಿಡುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆಯವರೆಗೆ ನಮ್ಮ ಅಂಗಡಿಯಲ್ಲಿ ಈ ಪ್ರಶ್ನೆ ಏಳುತ್ತಲೇ ಇರಲಿಲ್ಲ. ಲೈಸೆನ್ಸ್ ಸಿಕ್ಕವನು ರಿವಾಲ್ವರ್ ಒಯ್ಯುತ್ತಿದ್ದ, ದೇವರ ಕೋಣೆಯ ಕಪಾಟಿನಲ್ಲಿಟ್ಟು ಮರೆಯುತ್ತಿದ್ದ. ಆಮೇಲೆ ಪಿಸ್ತೂಲು ಬರತೊಡಗಿತು. ಬಂದದ್ದೇ ತಡ, ಎಲ್ಲರೂ ಪಂಡಿತರಾದರು. ನಮ್ಮ ಮಾಲಕರಂತೂ ದೊಡ್ಡ ಪಂಡಿತರು. ಅವರ ಸಿದ್ಧಾಂತ ಸರಳವಾಗಿತ್ತು: ಕಪಾಟಿನಲ್ಲಿ ಯಾವುದಿದೆಯೋ ಅದು ಛಲೋ. ಸೋಮವಾರ ರಿವಾಲ್ವರ್ ಭೀಮನ ಗದೆಯಾಗಿರುತ್ತಿತ್ತು. ಗುರುವಾರ ಅದು ಖರ್ಚಾಗಿ ಪಿಸ್ತೂಲು ಉಳಿದಿದ್ದರೆ, "ರಿವಾಲ್ವರ್ ಏನ್ರಿ, ನಮ್ಮಜ್ಜನ ಕಾಲದ್ದು" ಎನ್ನುತ್ತಿದ್ದರು.

ಎರಡರ ವ್ಯತ್ಯಾಸವನ್ನು ಒಮ್ಮೆ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ರಿವಾಲ್ವರಿನ ನಡುವೆ ತಿರುಗುವ ಗಾಲಿಯಿದೆ, ಗಾಲಿಯಲ್ಲಿ ಆರು ಗೂಡು. ಕತ್ತು ಬಗ್ಗಿಸಿ ತೆರೆದರೆ ಆರೂ ಗೂಡು ಕಣ್ಣೆದುರಿಗೆ ಬರುತ್ತವೆ. ಗುಂಡಿದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಕುದುರೆ, ಅಂದರೆ ಟ್ರಿಗರ್, ಗಟ್ಟಿ, ಎಳೆಯಲು ಜೋರು ಬೇಕು. ಒಂದು ಗುಂಡು ಹಾರದಿದ್ದರೆ ಮತ್ತೊಮ್ಮೆ ಎಳೆದರಾಯಿತು, ಮುಂದಿನದು ಬರುತ್ತದೆ. ಬೊಜ್ಜಿನ ಮೇಲೆ ಎದ್ದು ಕಾಣುತ್ತದೆ, ತುಂಬುವುದು ನಿಧಾನ. ಪಿಸ್ತೂಲು ಚಪ್ಪಟೆ, ಚೆಂದ, ಸೊಂಟದಲ್ಲಿ ಅಡಗುತ್ತದೆ. ಗುಂಡುಗಳು ಹಿಡಿಕೆಯೊಳಗಿನ ಡಬ್ಬಿಯಲ್ಲಿರುತ್ತವೆ. ಮೇಲಿನ ಉಕ್ಕಿನ ಸ್ಲೈಡನ್ನು ಹಿಂದಕ್ಕೆ ಜಗ್ಗಿ ಬಿಟ್ಟರೆ ಒಂದು ಗುಂಡು ಡಬ್ಬಿಯಿಂದ ಮೇಲೆದ್ದು ನಳಿಗೆಯಲ್ಲಿ ಕೂರುತ್ತದೆ. ಆಮೇಲೆ ನೀವು ಡಬ್ಬಿ ತೆಗೆದು ಬೇರೆ ಇಟ್ಟರೂ ಆ ಒಂದು ಮಾತ್ರ ಅಲ್ಲೇ ಕೂತಿರುತ್ತದೆ. ಹೊರಗಿನಿಂದ ಕಾಣುವುದಿಲ್ಲ. ಈ ಕೊನೆಯ ಮಾತನ್ನು ಪ್ರತಿ ಗಿರಾಕಿಗೂ ಮೂರು ಸಲ ಹೇಳುತ್ತಿದ್ದೆ. ಅವರು ಮೂರು ಸಲವೂ ತಲೆಯಾಡಿಸುತ್ತಿದ್ದರು, ಕಣ್ಣು ಮಾತ್ರ ಕನ್ನಡಿಯ ಮೇಲಿರುತ್ತಿತ್ತು.

ಕನ್ನಡಿ ಎಂದರೆ ನಮ್ಮ ಅಂಗಡಿಯ ಗೋಡೆಗೆ ಮಾಲಕರು ತೂಗುಹಾಕಿಸಿದ್ದ ಆಳೆತ್ತರದ ಕನ್ನಡಿ. ಬಟ್ಟೆ ಅಂಗಡಿಗೆ ಅದು ಬೇಕು. ಬಂದೂಕಿನ ಅಂಗಡಿಗೂ ಬೇಕೆಂದು ಅವರಿಗೆ ಹೊಳೆದದ್ದೇ ಅವರ ಜಾಣತನ. ಹುನಗುಂದದ ಕಡೆಯ ಕ್ವಾರಿ ಗೌಡರು ಅದರ ಮುಂದೆ ಪಿಸ್ತೂಲು ಸೊಂಟಕ್ಕೆ ಸಿಕ್ಕಿಸಿ, ಅಂಗಿ ಇಳಿಬಿಟ್ಟು, ಮತ್ತೆ ಎತ್ತಿ, ಅರ್ಧ ತಾಸು ನಿಂತದ್ದು ನನಗಿನ್ನೂ ನೆನಪಿದೆ.

"ಗೌಡ್ರ, ಯಾರ ಭಯಾ ಐತ್ರಿ ನಿಮಗ?" ಎಂದೆ.

"ಭಯಾ? ನನಗ? ಆ ಕೆಂಪು ಕಲ್ಲಿನ ಕ್ವಾರಿಯಾವ ಮೊನ್ನಿ ಲಗ್ನಕ್ಕ ಪಿಸ್ತೂಲ್ ಇಟಗೊಂಡ ಬಂದಿದ್ನಲೇ. ನಾ ಏನ್ ಬರಿಗೈಲೆ ಅಕ್ಕಿಕಾಳ ಒಗೀಬೇಕೇನ?"

ಇದು ನಮ್ಮ ಗಿರಾಕಿಗಳ ಆತ್ಮರಕ್ಷಣೆ. ಬಾದಾಮಿಯಿಂದ ಒಬ್ಬ ಲಾಡ್ಜಿನ ಮಾಲಕರು ಬಂದಿದ್ದರು. ಎರಡನ್ನೂ ಕೈಯಲ್ಲಿ ತೂಗಿ ನೋಡಿ, ಗುಟ್ಟಿನ ದನಿಯಲ್ಲಿ, "ಮಂಗ್ಯಾಕ್ಕ ಯಾವುದು ಛಲೋರಿ?" ಎಂದರು. ಗುಹೆ ನೋಡಲು ಬಂದವರ ಚೀಲ, ಕನ್ನಡಕಗಳನ್ನು ಮಂಗಗಳು ಅವರ ತಾರಸಿಯ ಮೇಲೆ ಹಂಚಿಕೊಳ್ಳುತ್ತಿದ್ದವಂತೆ. ಮಂಗನಿಗೆ ಗುಂಡು ಹೊಡೆದರೆ ಜೇಲಿಗೆ ಹೋಗುವವರು ನೀವು, ಮಂಗ ಅಲ್ಲ ಎಂದೆ. ಅವರು ಒಂದು ಉದ್ದನೆಯ ಬಿದಿರು ಕೋಲು ಕೊಂಡರೆಂದು ಆಮೇಲೆ ಕೇಳಿದೆ. ಅಷ್ಟು ವರ್ಷದಲ್ಲಿ ನಾನು ಕೊಟ್ಟ ಸಲಹೆಗಳಲ್ಲಿ ಪೂರ್ತಿ ಫಲಿಸಿದ್ದು ಅದೊಂದೇ ಇರಬೇಕು.

ಗೌಡರ ಪಿಸ್ತೂಲು ಮೊದಲ ಖಂಡೇಪೂಜೆ ಮುಗಿದ ವಾರಕ್ಕೇ ವಾಪಸು ಬಂತು. ಮಹಾನವಮಿಯ ದಿನ ನಮ್ಮ ಕಡೆ ಮನೆಯ ಹತ್ಯಾರ, ಸಲಕರಣೆಗಳನ್ನೆಲ್ಲ ತೊಳೆದು ಪೂಜೆ ಮಾಡುತ್ತಾರಲ್ಲ, ಗೌಡರು ಪಿಸ್ತೂಲನ್ನೂ ಬಿಡದೆ ಮಾಡಿದ್ದರು. ಸ್ಲೈಡಿನೊಳಗೆ ಕೊಬ್ಬರಿ ಎಣ್ಣೆ, ಎಣ್ಣೆಯಲ್ಲಿ ಕಲಸಿದ ಕುಂಕುಮ, ನಳಿಗೆಯ ಬಾಯಲ್ಲಿ ಚೆಂಡುಹೂವಿನ ಎಸಳು. ರಿವಾಲ್ವರಿಗೂ ಇದೇ ಸೇವೆ ಎಷ್ಟೋ ವರ್ಷ ನಡೆದಿತ್ತು. ಒರೆಸಿದರೆ ಮುಗಿಯಿತು, ಅದು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಪಿಸ್ತೂಲು ಮಾತ್ರ ಮದುವೆಯಲ್ಲಿ ಮುನಿದ ಅಳಿಯನಂತೆ ಅರ್ಧಕ್ಕೆ ಬಾಯಿ ತೆರೆದು ನಿಂತಿತ್ತು. "ಮಾಲು ಖರಾಬ್ ಕೊಟ್ಟೀರಿ" ಎಂದು ಗೌಡರು ಕೂಗಾಡಿದರು. "ಹೌದ್ರಿ" ಎಂದೆ. ಇಡೀ ವೃತ್ತಿಯಲ್ಲಿ ನಾನು ಅತಿ ಹೆಚ್ಚು ಬಳಸಿದ ಸಲಕರಣೆ ಈ "ಹೌದ್ರಿ". ಸ್ಕ್ರೂಡ್ರೈವರ್ ಎರಡನೆಯದು.

ಇದೇ ಸಲಕರಣೆಯಿಂದ ಸಂಗಪ್ಪನವರ ಕೆಲಸ ಕೆಡಿಸಿದೆ.

ಸಂಗಪ್ಪನವರು ಇಳಕಲ್ಲಿನ ಸೀರೆ ವ್ಯಾಪಾರಿ. ಅಪ್ಪ ಕೈಮಗ್ಗದವರು, ಇವರು ನಾಲ್ಕು ಪವರ್‌ಲೂಮಿನವರು. ಇರುವೆ ಕಂಡರೆ ಸುತ್ತಿ ಹೋಗುವ ಮನುಷ್ಯ. ಹುನಗುಂದದ ದಾರಿಯಲ್ಲಿ ಹಾಡಹಗಲೇ ಕಳ್ಳರು ಅವರ ಜೀಪು ಅಡ್ಡಗಟ್ಟಿ, ಸೀರೆಗಂಟು ಹೊತ್ತೊಯ್ದು, ಡ್ರೈವರನ ತಲೆ ಒಡೆದಿದ್ದರು. ನಮ್ಮ ಅಂಗಡಿಗೆ ಬಂದವರಲ್ಲಿ ನಿಜವಾಗಿ ಹೆದರಿದ್ದವರು ಅವರೊಬ್ಬರೇ. ಕನ್ನಡಿಯ ಕಡೆ ತಿರುಗಿಯೂ ನೋಡಲಿಲ್ಲ.

"ನನಗೇನ್ ತಿಳೀತೈತ್ರಿ ಮಿಸ್ತ್ರ್ಯಾರ. ನೀವು ಯಾವುದು ಹೇಳ್ತೀರಿ ಅದನ್ನ ಒಯ್ತೇನಿ" ಎಂದರು.

ಅವರ ಎಡಗೈ ನೋಡಿದೆ. ಹೆಬ್ಬೆರಳು ಹಿಂದೆ ಯಾವಾಗಲೋ ಮಗ್ಗದ ಬೆಲ್ಟಿಗೆ ಸಿಕ್ಕು, ಈಗ ಬರೀ ಜಾಗ ತುಂಬಲು ಇದ್ದಂತಿತ್ತು, ಮಡಚುತ್ತಿರಲಿಲ್ಲ, ಒತ್ತುತ್ತಿರಲಿಲ್ಲ. ಬಲಗೈಯಲ್ಲಿ ಪಿಸ್ತೂಲು ಹಿಡಿದವನು ಸ್ಲೈಡು ಜಗ್ಗುವುದು ಎಡಗೈಯಿಂದ. ಈ ಕೈಯಿಂದ ಆಗದ ಮಾತು. ರಿವಾಲ್ವರ್ ಎನ್ನಲು ಬಾಯಿ ತೆರೆದೆ. ಆದರೆ ಆ ದಿನ ಕಪಾಟಿನಲ್ಲಿ ರಿವಾಲ್ವರ್ ಇರಲಿಲ್ಲ.

"ಪಿಸ್ತೂಲ್ ಒಯ್ರಿ ಸಾಹುಕಾರ್ರ, ಎಂಟು ಗುಂಡು ಹಿಡಿತಾವ" ಎಂದರು ಮಾಲಕರು. "ಹೌದಲ್ಲೋ ಮಿಸ್ತ್ರಿ?"

"ಹೌದ್ರಿ."

ಕೆಲವು ತಿಂಗಳಾದ ಮೇಲೆ, ಖಂಡೇಪೂಜೆಗೆ ಒಂದು ವಾರವಿದ್ದಾಗ, ಸಂಗಪ್ಪನವರು ಪಿಸ್ತೂಲು ತೆಗೆದುಕೊಂಡು ಬಂದರು. ಸ್ಲೈಡು ಸರಿಯುತ್ತಲೇ ಇಲ್ಲ, ಜಾಮ್ ಆಗಿರಬೇಕು ಎಂದರು. ಡಬ್ಬಿ ಒಳಗೇ ಇತ್ತು. "ಎಂಟೂ ತುಂಬೇತ್ರಿ, ನಮ್ಮ ಮನಿಯಾಕಿ ಒಂದೊಂದಽ ಒತ್ತಿ ಕೊಟ್ಟಾಳ" ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರು. ಜಾಮ್ ಗೀಮ್ ಏನೂ ಆಗಿರಲಿಲ್ಲ, ಹೆಬ್ಬೆರಳಿನ ಸಮಸ್ಯೆ. ಅದನ್ನು ಹೇಳಿದರೆ ಮಾರಿದವರ ಸಮಸ್ಯೆಯೂ ಹೊರಬರುತ್ತಿತ್ತು. ಆದ್ದರಿಂದ ಗಂಭೀರ ಮುಖ ಮಾಡಿಕೊಂಡು, ತೋರುಬೆರಳನ್ನು ಕುದುರೆಯಿಂದ ದೂರ ಇಟ್ಟು, ಸ್ಲೈಡು ಒಮ್ಮೆ ಜಗ್ಗಿ ಬಿಟ್ಟೆ. ಮೊದಲು ಡಬ್ಬಿ ತೆಗೆಯಬೇಕು, ಆಮೇಲೆ ಜಗ್ಗಬೇಕು. ಎಲ್ಲರಿಗೂ ಮೂರು ಸಲ ಹೇಳುತ್ತಿದ್ದವನು ನಾನು!

ಅಷ್ಟರಲ್ಲಿ ಗೌಡರು ಒಳಬಂದರು. ಕೊಲ್ಹಾಪುರಿ ಚಪ್ಪಲಿಯ ಬಣ್ಣಕ್ಕೆ ಹೊಂದುವ ಚರ್ಮದ ಚೀಲ ಬೇಕಿತ್ತಂತೆ ಅವರ ಪಿಸ್ತೂಲಿಗೆ. ಮಾಲಕರು, "ಏ ಮಿಸ್ತ್ರಿ, ಇಲ್ಲಿ ಬಾರೋ, ಗೌಡ್ರ ಚಪ್ಪಲಿ ನೋಡು" ಎಂದು ಕೂಗಿದರು. ಚಪ್ಪಲಿ ನೋಡಲು ಹೋದೆ. ಮರಳಿ ಬಂದು, ತಲೆಯಲ್ಲಿ ಚಪ್ಪಲಿಯ ಬಣ್ಣವನ್ನೇ ತುಂಬಿಕೊಂಡು, ಡಬ್ಬಿ ತೆಗೆದೆ, ಪಿಸ್ತೂಲು ಬೇರೆ, ಡಬ್ಬಿ ಬೇರೆ ಮಾಡಿ ಸಂಗಪ್ಪನವರ ಕೈಚೀಲದಲ್ಲಿಟ್ಟೆ.

"ಹಿಂಗಽ ಬ್ಯಾರೆ ಬ್ಯಾರೆ ಇಡ್ರಿ, ಅಂಜಿಕಿಲ್ಲ" ಎಂದೆ.

"ಛಲೋ ಆತ್ರಿ" ಎಂದರು ಅವರು. "ಖಂಡೇಪೂಜಿಗೆ ಇಡಬೇಕ್ರಿ ಇದನ್ನ. ನಮ್ಮ ಮನ್ಯಾಗ ಪೂಜಿ ಆದಮ್ಯಾಲ ಎಲ್ಲಾ ಹತ್ಯಾರ ಒಂದೊಂದ ಸಲ ಆಡಸ್ತೇವಿ. ಮಗ್ಗದ ಲಾಳಿ ಒಮ್ಮಿ ಒಗ್ಯಾಂವ, ಕತ್ರಿ ಒಮ್ಮಿ ಆಡಸಾಂವ. ಇದನ್ನೂ ಡಬ್ಬಿ ತಗದು ಒಮ್ಮಿ ಟಕ್ ಅನಸ್ತೇನಿ."

"ಅನಸ್ರಿ" ಎಂದೆ. ಹೌದು, ಹಾಗೆಯೇ ಎಂದೆ.

ನವಮಿಯ ಬೆಳಿಗ್ಗೆ ಮನೆಯಲ್ಲಿ ನನ್ನ ಹೆಂಡತಿ ಶಾರದಾ ನನ್ನ ಸ್ಕ್ರೂಡ್ರೈವರ್, ಉಕ್ಕು ಉಜ್ಜುವ ಕಾನಸುಗಳನ್ನು ಮಣೆಯ ಮೇಲೆ ಸಾಲಾಗಿ ಇಡುತ್ತಿದ್ದಳು. "ಎಣಿಸಿ ಕೊಡ್ರಿ. ಆಮ್ಯಾಲ ಒಂದು ಕಮ್ಮಿ ಐತಿ ಅಂತ ಮನಿ ತುಂಬ ಹುಡುಕಸ್ತೀರಿ" ಎಂದಳು. ಎಣಿಸಿದೆ. ಏಳು. ಏಳು ಎಂದದ್ದೇ ತಡ, ಎದ್ದು ನಿಂತೆ.

ಪಿಸ್ತೂಲಿನ ಡಬ್ಬಿಯ ಪಕ್ಕದಲ್ಲಿ ಸಣ್ಣ ತೂತುಗಳಿರುತ್ತವೆ, ಒಳಗೆಷ್ಟು ಗುಂಡಿವೆ ಎಂದು ನೋಡಲು. ಸಂಗಪ್ಪನವರ ಡಬ್ಬಿಯನ್ನು ಚೀಲಕ್ಕೆ ಹಾಕುವಾಗ ನನ್ನ ಕಣ್ಣು ಆ ತೂತುಗಳ ಮೇಲೆ ಹಾದಿತ್ತು. ಏಳು ಕಂಡಿದ್ದವು. ಅವರು ಎಂಟು ಅಂದಿದ್ದರು.

ನನ್ನ ಸ್ವಭಾವ ನನಗೆ ಗೊತ್ತು. ಕೂಡಲಸಂಗಮಕ್ಕೆ ಹೊರಟವನು ಅರ್ಧ ದಾರಿಯಲ್ಲಿ ಬಸ್ಸಿಳಿದು, ಮರಳಿ ಬಂದು ಮನೆಯ ಬೀಗ ಜಗ್ಗಿ ನೋಡಿದ್ದೇನೆ. ಶಾರದಾಳಿಗೂ ಗೊತ್ತು. ಗುಂಡಿನ ಸಂಗತಿ ಹೇಳಿದೆ.

"ಬೀಗಾ ಹಾಕಿತ್ತೋ ಇಲ್ಲೋ ಅವತ್ತ?" ಎಂದಳು.

"ಹಾಕಿತ್ತು."

"ಗ್ಯಾಸ್ ಬಂದ್ ಇತ್ತೋ ಇಲ್ಲೋ ಹ್ವಾದ ತಿಂಗಳ?"

"ಇತ್ತು."

"ಮತ್ತ? ಹೋಳಿಗಿ ಬಿಸಿ ಅದಾವ, ಕುಂದರ್ರಿ."

ಕೂರಲಿಲ್ಲ. ನನ್ನ ಬಳಿ ಇದ್ದದ್ದು ಸಂಗಪ್ಪನವರ ಅಂಗಡಿಯ ನಂಬರು ಮಾತ್ರ. ಎಸ್‌ಟಿಡಿ ಬೂತಿನಿಂದ ಹಚ್ಚಿದೆ. ಹಬ್ಬದ ದಿನ, ಮುಚ್ಚಿದ ಅಂಗಡಿಯಲ್ಲಿ ಫೋನು ರಿಂಗಾಗುತ್ತಲೇ ಇತ್ತು. ಬಸ್‌ಸ್ಟ್ಯಾಂಡಿಗೆ ಓಡಿದರೆ ಇಳಕಲ್ಲಿನ ಬಸ್ಸಿಗೂ ಅಂದೇ ಪೂಜೆ. ಡ್ರೈವರು ಬಾಳೆಕಂದು ಕಟ್ಟುತ್ತಿದ್ದ, ಕಂಡಕ್ಟರು ಗಾಲಿಗಳ ಕೆಳಗೆ ಒಂದೊಂದೇ ನಿಂಬೆಹಣ್ಣು ಇಡುತ್ತಿದ್ದ.

"ಜಲ್ದಿ ಬಿಡ್ರಿ ಯಪ್ಪಾ" ಎಂದೆ.

"ಯಾಕ್ರಿ, ಮನ್ಯಾಗ ಹೆರಿಗಿ ಐತೇನ? ತಡೀರಿ, ಒಂದು ನಿಂಬಿಹಣ್ಣ ಕಮ್ಮಿ ಬಿದ್ದೈತಿ."

ಕಾಯಿ ಒಡೆದು, ಡ್ರೈವರು ಕುಳಿತು, ಭಕ್ತಿಯಿಂದ ಒಮ್ಮೆ ಹಾರನ್ ಹೊಡೆದ. ಪೂಜೆಯಾದ ಹತ್ಯಾರವನ್ನು ಆಡಿಸಿದಂತೆ. ಆ ಸದ್ದಿಗೆ ಬಸ್ಸಿನಲ್ಲಿ ಬೆವರಿದವನು ನಾನೊಬ್ಬನೇ.

ಆ ದಾರಿಯುದ್ದಕ್ಕೂ ನನ್ನ ಮೇಲೆ ನಾನೇ ಮಾಡಿಕೊಂಡ ವಿಚಾರಣೆಯನ್ನು ಯಾವ ಫೌಜದಾರನೂ ಮಾಡಲಾರ. ಜಗ್ಗಿದ್ದು ಖರೆ. ಗುಂಡು ನಳಿಗೆಗೆ ಹತ್ತಿತ್ತೇ? ಏಳು ಕಂಡದ್ದು ಖರೆಯೋ ಭ್ರಮೆಯೋ? ಸುರಕ್ಷೆಯ ಕೀಲಿ ಹಾಕಿದ್ದೆನೇ? ಹಾಕಿದ್ದರೂ, ಟಕ್ ಅನ್ನಿಸಬೇಕಾದವನು ಅದನ್ನು ಇಳಿಸಿಯೇ ಇಳಿಸುತ್ತಾನೆ. ಇನ್ನು ಹೆಬ್ಬೆರಳು: ಒಳಗೊಂದು ಉಳಿದಿರಬಹುದೆಂಬ ಅನುಮಾನ ಬಂದರೂ ಆ ಕೈಯಿಂದ ಸ್ಲೈಡು ಜಗ್ಗಿ ನೋಡುವುದು ಅವರಿಗೆ ಸಾಧ್ಯವಿಲ್ಲ. ತಾನೇ ಖಾಲಿ ಮಾಡಲಾಗದ ಹತ್ಯಾರವನ್ನು ಆ ಮನುಷ್ಯನ ಕೈಗೆ ಕೊಟ್ಟು, "ಅಂಜಿಕಿಲ್ಲ" ಎಂದಿದ್ದೆ. ಹುನಗುಂದದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಇಳಿದು ಮತ್ತೆ ಫೋನು ಹಚ್ಚಿದೆ. ಅದೇ ಖಾಲಿ ಅಂಗಡಿ, ಅದೇ ಸದ್ದು.

ಇಳಕಲ್ಲಿನ ಓಣಿ ಹೊಕ್ಕಾಗ ಇನ್ನೊಂದು ಹೆದರಿಕೆ. ಸದಾ ಖಟಖಟ ಎನ್ನುವ ಓಣಿ, ಅಂದು ಒಂದು ಮಗ್ಗದ ಸದ್ದೂ ಇಲ್ಲ. ಎಲ್ಲ ಮಗ್ಗಗಳೂ ಹೂ ಮುಡಿದು ಕೂತಿವೆ ಎಂಬುದು ಬುದ್ಧಿಗೆ ತಿಳಿದಿತ್ತು. ಕಾಲಿಗೆ ತಿಳಿಯಲಿಲ್ಲ, ಓಡಿದೆ.

ಪಡಸಾಲೆಯಲ್ಲಿ ಇಡೀ ಮನೆ ಅರ್ಧ ಚಂದ್ರಾಕಾರವಾಗಿ ಕೂತಿತ್ತು: ಹೆಂಡತಿ, ಮಗ, ಸೊಸೆ, ಎರಡು ಮೊಮ್ಮಕ್ಕಳು, ನಡುವೆ ಸಂಗಪ್ಪನವರ ತಾಯಿ ನೀಲವ್ವ. ಅವರೆದುರು ಮಡಚಿದ ಹೊಸ ಸೀರೆಯ ಮೇಲೆ ಲಾಳಿ, ಕತ್ತರಿ, ತಕ್ಕಡಿ. ಎಲ್ಲಕ್ಕೂ ವಿಭೂತಿ, ಕುಂಕುಮ. ಪಕ್ಕದಲ್ಲಿ ಪಿಸ್ತೂಲಿನ ಡಬ್ಬಿ, ಅದರ ಮೇಲೊಂದು ಚೆಂಡುಹೂವು. ಪಿಸ್ತೂಲು ಮಾತ್ರ ಸೀರೆಯ ಮೇಲಿರಲಿಲ್ಲ. ಸಂಗಪ್ಪನವರ ಕೈಯಲ್ಲಿತ್ತು.

"ಆಡಸಪಾ" ಎನ್ನುತ್ತಿದ್ದರು ನೀಲವ್ವ.

"ತಡೀರಿ!" ಬಾಗಿಲಿನಿಂದಲೇ ಕೂಗಿದೆ.

ಸಂಗಪ್ಪನವರ ಮುಖ ಅರಳಿತು. "ಬರ್ರಿ ಬರ್ರಿ ಮಿಸ್ತ್ರ್ಯಾರ! ಛಲೋ ವ್ಯಾಳ್ಯಾಕ್ಕ ಬಂದ್ರಿ. ಊಟಾ ಮಾಡೇ ಹೋಗಬೇಕ ಮತ್ತ."

"ಅದನ್ನ ಕೆಳಗ ಇಡ್ರಿ. ಮಂದಿ ಕಡೆ ತಿರುಗಸಬ್ಯಾಡ್ರಿ. ಗ್ವಾಡಿ ಕಡೆ ಮಾಡಿ ಇಡ್ರಿ."

"ಖಾಲಿ ಐತ್ರಿ. ನೋಡ್ರಿ ಡಬ್ಬಿ ಇಲ್ಲೇ ಐತಿ, ನೀವ ಹೇಳಿದಂಗ ಬ್ಯಾರೆ ಇಟ್ಟೀನಿ."

ನಾನು ಹೇಳಿದಂತೆ. ಅವರು ಇಟ್ಟರು, ಆದರೆ ನಾನು ಕೈ ಚಾಚುವಷ್ಟರಲ್ಲಿ ನೀಲವ್ವ ತಡೆದರು. "ಪೂಜಿ ಏರಿಸಿದ ಹತ್ಯಾರಕ್ಕ ಹೊರಗಿನವರು ಕೈ ಹಚ್ಚಬಾರದಪಾ. ಅರ್ಧಕ್ಕ ನಿಂದ್ರಸೂದೂ ಛಲೋ ಅಲ್ಲ."

ಅವರೊಂದಿಗೆ ವಾದ ಮಾಡುವ ಧೈರ್ಯ ನನಗಿರಲಿಲ್ಲ. ಸುಳ್ಳು ಹೇಳುವ ಅಭ್ಯಾಸವಿತ್ತು. "ಯವ್ವಾ, ಇದನ್ನ ಬಿಚ್ಚಿ ಜೋಡಿಸಾಂವ ನಾ. ಮೊದಲ ಸಲ ಆಡಸೂದು ಮಿಸ್ತ್ರಿ ಪಾಳಿ" ಎಂದೆ.

ನೀಲವ್ವ ಯೋಚಿಸಿದರು. "ಅದೂ ಖರೆನಽ. ಮಗ್ಗಾ ಜೋಡಿಸಿದ ಬಡಿಗೇರಗ ಮೊದಲ ಪಾಳಿ ಕೊಡ್ತಿದ್ರು ನಮ್ಮತ್ತಿ. ಆಡಸು."

ಕುಂಕುಮದ ಎಣ್ಣೆಗೆ ಸ್ಲೈಡು ಎರಡು ಸಲ ಜಾರಿತು. ಮೂರನೆಯ ಸಲ ಗೋಡೆಗೆ ಮುಖ ಮಾಡಿ, ಧೋತರದ ಚುಂಗಿನಿಂದ ಹಿಡಿದು ಜಗ್ಗಿದೆ. ಹಿತ್ತಾಳೆಯ ಗುಂಡೊಂದು ಚಿಮ್ಮಿ ಆರತಿಯ ತಟ್ಟೆಯಲ್ಲಿ ಠಣ್ಣೆಂದು ಬಿತ್ತು. ಸುತ್ತಿ ಸುತ್ತಿ ಅಕ್ಕಿಕಾಳಿನ ನಡುವೆ ನಿಂತಿತು.

ಮೊದಲು ಬಾಯಿಬಿಟ್ಟವರು ಸಂಗಪ್ಪನವರ ಹೆಂಡತಿ. "ಎಂಟು ತುಂಬಿದ್ದೆ ನಾ. ಬೆಳಿಗ್ಗೆ ಏಳ ಅದಾವ ಅಂತ ಹೇಳಿದೆ. ನಿನಗೇನ್ ತಿಳೀತೈತಿ ಅಂದ್ರಿ."

ಸಂಗಪ್ಪನವರು ಮೊಮ್ಮಕ್ಕಳನ್ನು ನೋಡಿದರು, ಗುಂಡನ್ನು ನೋಡಿದರು, ಗೋಡೆಗೆ ಒರಗಿದರು. "ನಾ ಮುಟ್ಟೇ ಇಲ್ರಿ. ಇದು ಹೆಂಗ ಒಳಗ ಹೋತು?"

ಇಲ್ಲಿ ನನಗೆ ಎರಡು ದಾರಿಗಳಿದ್ದವು. ಹಬ್ಬದ ಎಣ್ಣೆಗೆ ಹೀಗಾಗುತ್ತದೆ ಎನ್ನಬಹುದಿತ್ತು; ಅವರು ನಂಬುತ್ತಿದ್ದರು, ನಾನು ಹೇಳಿದ್ದನ್ನೆಲ್ಲ ನಂಬಿದ್ದರಲ್ಲ. "ನಾನಽ ಹತ್ತಿಸಿದ್ದು, ನೋಡದಽ ಕೊಟ್ಟೆ" ಎಂದೆ. ಶುರು ಮಾಡಿದ ಮೇಲೆ ನಿಲ್ಲಲಿಲ್ಲ. ಜಾಮ್ ಆಗಿರಲಿಲ್ಲ, ನಿಮ್ಮ ಹೆಬ್ಬೆರಳಿಗೆ ಇದು ಆಗುವುದಿಲ್ಲ, ಮಾರುವ ದಿನವೇ ನನಗದು ಗೊತ್ತಿತ್ತು, ಕಪಾಟಿನಲ್ಲಿ ಬೇರೆ ಇರಲಿಲ್ಲ ಎಂದು ಎಲ್ಲ ಹೇಳಿದೆ. ಸಂಗಪ್ಪನವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬೈದವರು ನೀಲವ್ವ, ಅದೂ ತಮ್ಮ ರೀತಿಯಲ್ಲಿ. ಲಾಳಿಯನ್ನು ಕೈಗೆತ್ತಿಕೊಂಡು ಒರೆಸುತ್ತ, "ಅರವತ್ತು ವರ್ಷ ಆತು ಇದನ್ನ ಪೂಜಿ ಮಾಡಾಕತ್ತು. ಒಮ್ಮಿನೂ ಬಾಗಲಕೋಟಿಯಿಂದ ಮಿಸ್ತ್ರಿನ ಓಡಿಸಿಕೊಂಡು ಕರೆಸಿಲ್ಲ ನೋಡಪಾ ಇದು" ಎಂದರು. ಆಮೇಲೆ ಎಲೆ ಹಾಕಿಸಿದರು. ಹೋಳಿಗೆ ತಿನ್ನುವ ಮನಸ್ಸಿರಲಿಲ್ಲ, ಆದರೂ ಮೂರು ತಿಂದೆ. ಬೇಡ ಎನ್ನುವ ಧೈರ್ಯ ಆಗಲೂ ಇರಲಿಲ್ಲ.

ಮರುವಾರ ಅಂಗಡಿಯಲ್ಲಿ ಮೊದಲ ಸಲ ಮಾಲಕರಿಗೆ "ಇಲ್ರಿ" ಎಂದೆ. ಪಿಸ್ತೂಲು ವಾಪಸು ತೆಗೆದುಕೊಳ್ಳಬೇಕು, ರಿವಾಲ್ವರ್ ತರಿಸಬೇಕು, ಲೈಸೆನ್ಸಿನ ಕಾಗದಕ್ಕೆ ಕಚೇರಿಗೆ ನಾನೇ ಓಡಾಡುತ್ತೇನೆ ಎಂದೆ. ಅವರು ನನ್ನ ತಲೆ ಕೆಟ್ಟಿದೆ ಎಂದರು. ಅದಕ್ಕೆ ಮಾತ್ರ "ಹೌದ್ರಿ" ಎಂದೆ. ಅಂದಿನಿಂದ ಕನ್ನಡಿಯ ಮುಂದೆ ನಿಂತ ಪ್ರತಿಯೊಬ್ಬನ ಕೈಗೂ ಉಕ್ಕಿನ ಸುಳ್ಳು ಗುಂಡು ತುಂಬಿದ ಹತ್ಯಾರ ಕೊಟ್ಟು, "ಖಾಲಿ ಮಾಡಿ ತೋರಸ್ರಿ" ಎನ್ನುತ್ತಿದ್ದೆ. ಹತ್ತರಲ್ಲಿ ಎಂಟು ಮಂದಿ ಡಬ್ಬಿ ತೆಗೆದು, ಗೆದ್ದವರಂತೆ ನನ್ನನ್ನು ನೋಡುತ್ತಿದ್ದರು. ಗೌಡರೂ ಹಾಗೆಯೇ ನೋಡಿದರು. ಸ್ಲೈಡು ಜಗ್ಗಿ ಒಳಗಿನದನ್ನು ಅವರ ಕೊಲ್ಹಾಪುರಿ ಚಪ್ಪಲಿಯ ಮೇಲೆ ಬೀಳಿಸಿದೆ. ಆಮೇಲೆ ಆರು ತಿಂಗಳು ನನ್ನ ಜೊತೆ ಮಾತು ಬಿಟ್ಟರು; ಆ ಆರು ತಿಂಗಳು ಕೆಲಸ ಸುಸೂತ್ರವಾಗಿ ನಡೆಯಿತು.

ಆ ಒಂದು ವಾಕ್ಯ ಇಷ್ಟೇ: ಯಾರ ನೆರವೂ ಇಲ್ಲದೆ, ನಿಮ್ಮದೇ ಕೈಯಿಂದ, ಯಾವುದನ್ನು ಪೂರ್ತಿ ಖಾಲಿ ಮಾಡಬಲ್ಲಿರೋ ಅದು ನಿಮಗೆ ಛಲೋ. ಎರಡನ್ನೂ ಮಾಡಲಾಗದಿದ್ದರೆ ಬಿದಿರು ಕೋಲಿದೆ.

ಸಂಗಪ್ಪನವರಿಗೆ ರಿವಾಲ್ವರ್ ಬಂತು. ಆ ಹೆಬ್ಬೆರಳಿನ ಹಂಗಿಲ್ಲದೆ ಅದರ ಕತ್ತು ಬಗ್ಗಿಸಿ ತೆರೆಯುವುದನ್ನು ಅವರು ನನ್ನೆದುರು ಇಪ್ಪತ್ತು ಸಲ ಮಾಡಿ ತೋರಿಸಿದರು. ಪ್ರತಿ ಖಂಡೇಪೂಜೆಗೆ ನನಗೆ ಇಳಕಲ್ಲಿನಿಂದ ಕರೆ ಬರುತ್ತದೆ, ಮಿಸ್ತ್ರಿ ಪಾಳಿ ಇದೆಯಲ್ಲ. ನಾನು ರಿವಾಲ್ವರ್ ತೆರೆದು ಹಿಡಿದು ತೋರಿಸುತ್ತೇನೆ. ನೀಲವ್ವನಿಗೆ ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ; ಕಂಡರೂ ನನ್ನ ಮಾತನ್ನು ನಂಬುವುದಿಲ್ಲ. ಕೆಂಪು ರೇಷ್ಮೆಯ ನೂಲೊಂದನ್ನು ತುಟಿಯಲ್ಲಿ ತೇವ ಮಾಡಿ, ಮಗ್ಗದ ಹಣಿಗೆಗೆ ಎಳೆ ಪೋಣಿಸಿದಂತೆ, ಆರು ಗೂಡಿಗೂ ಒಂದೊಂದಾಗಿ ಹಾಯಿಸುತ್ತಾರೆ. ಆರನೆಯದರಿಂದ ನೂಲಿನ ತುದಿ ಆಚೆ ಬಂದು ಅವರ ಬೆರಳಿಗೆ ಸಿಕ್ಕ ಮೇಲೆಯೇ ಮಗನ ಕಡೆ ತಿರುಗುತ್ತಾರೆ.

"ಹೂಂ. ಈಗ ಆಡಸಪಾ."